ಮದುವೆಮನೆಯಲ್ಲಿ ಆಡಿದ ಮಾತು

ಭಾಗ್ಯನಗರದಲ್ಲಿ ಶಾಹಜಾದಬಿಯ ಮನೆ ಯಾವುದೆಂದು ಕೇಳಿದರೆ ಓಣಿಯ ಯಾರಾದರೂ ತೋರಿಸುತ್ತಿದ್ದರು. ಮುಂದಿನ ಪಡಸಾಲೆಯ ತುಂಬ ಕೂದಲಿನ ಚೀಲಗಳು, ಅವುಗಳ ನಡುವೆ ಕಾಲು ಚಾಚಿ ಕೂತ ಏಳೆಂಟು ಹೆಂಗಸರು. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಊರೂರು ತಿರುಗಿ ಕೊಂಡವರು ಇಲ್ಲಿಗೆ ತಂದು ಹಾಕುತ್ತಿದ್ದರು. ಗಂಟುಗಟ್ಟಿದ ಆ ಉಂಡೆಗಳನ್ನು ಸೂಜಿಯಿಂದ ಬಿಡಿಸಿ, ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಬಾಚಿ, ಒಂದೇ ಉದ್ದದ್ದನ್ನೆಲ್ಲ ಕೂಡಿಸಿ ದಾರ ಕಟ್ಟುವುದು ಅಲ್ಲಿಯ ಕೆಲಸ. ಗಂಡ ತೀರಿದ ಮೇಲೆ ಶಾಹಜಾದಬಿ ಈ ಕೆಲಸ ಹಿಡಿದಿದ್ದಳು. ಒಬ್ಬಳೇ ಮಗಳು ನಾಹೀದಾಳನ್ನು ಇದರಲ್ಲೇ ಓದಿಸಿ, ಹೊಸಪೇಟೆಗೆ ಕೊಟ್ಟಿದ್ದಳು.

ಮಲ್ಲೇಶ್ವರಿ ಆ ಮನೆಯ ಹೊಸ್ತಿಲು ಮೊದಲ ಸಲ ತುಳಿದಾಗ ಅವಳಿಗೆ ಆ ಹೆಸರಿರಲಿಲ್ಲ. ಇಪ್ಪತ್ತೊಂದು ವರ್ಷ ವಯಸ್ಸು. ಮಾಸಿದ ಅಂಗಿ, ಪ್ಯಾಂಟು, ಹುಬ್ಬಿನ ಮೇಲೆ ಒಣಗಿದ ಗಾಯ. ಯಲಬುರ್ಗಾ ಕಡೆಯ ಹಳ್ಳಿಯವಳು. ಮನೆಯಲ್ಲಿ ಯಾರೂ ಇಲ್ಲದಾಗ ತಂಗಿಯ ಸೀರೆ ಉಟ್ಟು ಕನ್ನಡಿ ಮುಂದೆ ನಿಂತದ್ದನ್ನು ಅಣ್ಣ ಮರಿಸ್ವಾಮಿ ಕಂಡಿದ್ದ. ಹೊಡೆದು ಹೊರಗೆ ಹಾಕಿದ್ದ. ಅವ್ವ ಗಾಳೆಮ್ಮ ಬಾಗಿಲಲ್ಲೇ ನಿಂತಿದ್ದರೂ ಬಾಯಿ ಬಿಟ್ಟಿರಲಿಲ್ಲ. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ಕೂತಿದ್ದವಳನ್ನು ನೋಡಿ, ಅವಳಂಥವಳೇ ಒಬ್ಬಳು ಇಲ್ಲಿಗೆ ತಂದು ಬಿಟ್ಟು ಹೋಗಿದ್ದಳು.

ಶಾಹಜಾದಬಿ ಊರು ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ಕೂದ್ಲಾ ಬಿಡಿಸಾಕ ಬರ್ತೈತೇನ?"

"ಇಲ್ರಿ."

"ತಾಳ್ಮಿ ಐತೇನ?"

"ಐತ್ರಿ."

"ಮತ್ತ್ಯಾಕ ನಿಂತೀ, ಕುಂದ್ರು. ಮೊದ್ಲ ಎರಡು ರೊಟ್ಟಿ ತಿನ್ನು. ಹಸದ ಕೈ ನಡಗತಾವ, ಸೂಜಿ ಚುಚ್ಚಿಕೊಂಡೀ."

ಆ ಪಡಸಾಲೆಯಲ್ಲಿ ಆಗಲೇ ಅಂಥವರು ಇಬ್ಬರಿದ್ದರು. ಉಳಿದವರು ಓಣಿಯ ಹೆಂಗಸರು. ಎಲ್ಲರೂ ಶಾಹಜಾದಬಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಒಂದು ವಾರದಲ್ಲಿ ಅವಳ ಬಾಯಲ್ಲೂ 'ರೀ' ಹೋಗಿ, ಅವ್ವನಿಗೆ ಅಂದ ಹಾಗೆ 'ನೀ' ಬಂತು. ರಾತ್ರಿ ಮಲಗಲು ಒಳಕೋಣೆ ಸಿಕ್ಕಿತು.

ಹೆಸರಿನ ಸಂಗತಿ ನಡೆದದ್ದು ಎರಡನೆಯ ತಿಂಗಳಲ್ಲಿ. ಮನೆಯವರು ಇಟ್ಟ ಹೆಸರಿನಿಂದ ಕರೆದಾಗಲೆಲ್ಲ ಅವಳು ತುಸು ತಡವಾಗಿ ತಿರುಗುತ್ತಿದ್ದಳು, ಬೇರೆ ಯಾರನ್ನೋ ಕರೆದಂತೆ. ಖಾಲಾ ಅದನ್ನು ಗಮನಿಸಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದಳು.

"ನಿನಗ ಯಾ ಹೆಸರು ಬೇಕು?"

ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ಅವಳು ಬಾಯಿಗೆ ಮೊದಲು ಬಂದ ಹೆಸರು ಹಿಡಿದು, "ರೂಪಾ" ಎಂದಳು.

"ಆತು. ಒಂದು ವಾರ ರೂಪಾ ಅಂತ ಕರೀತೀವಿ. ಒಗ್ಗಿದ್ರ ಇಟ್ಕೊ, ಒಗ್ಗದಿದ್ರ ಬಿಡು. ಅಂಗಡ್ಯಾಗ ಬಳಿ ಹಾಕ್ಕೊಂಡು ನೋಡಂಗಿಲ್ಲೇನ, ಹಂಗ."

ರೂಪಾ ಒಂದು ವಾರ ನಡೆಯಿತು. ಆಮೇಲೆ ಹತ್ತು ದಿನ ಐಶ್ವರ್ಯಾ. ಆ ಹೆಸರು ಖಾಲಾನ ನಾಲಿಗೆಗೆ ಹೊರಳದೆ ಪಡಸಾಲೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕಡೆಗೆ ಅವಳು, ಸಣ್ಣವಳಿದ್ದಾಗ ತನಗೆ ಜಡೆ ಹಾಕಿ ಆಡಿಸುತ್ತಿದ್ದ ಸೋದರತ್ತೆ ಮಲ್ಲೇಶ್ವರಿಯನ್ನು ನೆನೆದಳು. ಆ ಅತ್ತೆ ತೀರಿ ಬಹಳ ವರ್ಷಗಳಾಗಿದ್ದವು. ಹೆಸರನ್ನು ಮೆಲ್ಲಗೆ ಹೇಳಿದಳು. ಖಾಲಾ ಒಳಗೆ ರೊಟ್ಟಿ ಬಡಿಯುತ್ತಿದ್ದವಳು, "ಏ ಮಲ್ಲೀ, ಆ ಚೀಲ ಈ ಕಡೆ ಎಳಿ" ಎಂದು ಕೂಗಿದಳು. ಇವಳು ತಕ್ಷಣ ಎದ್ದು ಹೋಗಿ ಚೀಲ ಎಳೆದಳು. ಎಳೆದ ಮೇಲೆಯೇ ತಾನು ಆ ಹೆಸರಿಗೆ ಎದ್ದೆ ಎನ್ನುವುದು ತಿಳಿಯಿತು. ಖಾಲಾ ಬಾಗಿಲಿಗೆ ಬಂದು, ಹಿಟ್ಟಿನ ಕೈ ಸೊಂಟದ ಮೇಲಿಟ್ಟುಕೊಂಡು, "ಹ್ಞಾಂ, ಇದ ನಿಂದು" ಎಂದಳು.

ಖಾಲಾ ಕಲಿಸಿದ್ದನ್ನೆಲ್ಲ ಕಲಿಸುವುದು ಎನ್ನಲಾಗದು. ಸೀರೆ ಉಟ್ಟ ಮೊದಲ ದಿನ ಮಲ್ಲೇಶ್ವರಿ ಕತ್ತಲಾದ ಮೇಲೆ ಹೊರಗೆ ಹೋಗುತ್ತೇನೆಂದಾಗ, "ಕತ್ತಲಾಗ ಯಾಕ? ಕಳವು ಮಾಡೀಯೇನ?" ಎಂದು ಹಾಡಹಗಲು ಹನ್ನೊಂದು ಗಂಟೆಗೆ ಕೊಪ್ಪಳದ ಸಂತೆಗೆ ಕರೆದುಕೊಂಡು ಹೋದಳು. ಜನ ತಿರುಗಿ ನೋಡಿದರು, ಯಾರೋ ಸಿಳ್ಳೆ ಹಾಕಿದರು. ಖಾಲಾ ಬದನೆಕಾಯಿ ಆರಿಸುತ್ತ, "ಮುಳುಗಾಯಿ ನೋಡು, ಜನರನ್ನ ನೋಡಬ್ಯಾಡ. ಹುಳುಕು ಇದ್ರ ಮನಿಗಿ ಬರೂದು ಮುಳುಗಾಯಿ, ಜನ ಅಲ್ಲ" ಎಂದಳು. ಗುರುತಿನ ಚೀಟಿಗಾಗಿ ಡಿಸಿ ಆಫೀಸಿಗೆ ಐದು ಸಲ ಜೊತೆಗೆ ಬಂದಳು. ಡಾಕ್ಟರ ಹತ್ತಿರ ಹೋದಾಗ ಹೊರಗಿನ ಬೆಂಚಿನ ಮೇಲೆ ತಸ್ಬಿಯ ಜಪಮಣಿ ಎಣಿಸುತ್ತ ಕೂತಳು. ಮುಂದೆ ಮಲ್ಲೇಶ್ವರಿ ಜಡೆಗೆ ಸೇರಿಸುವ ಕೂದಲಿನ ಚವರಿ ಕಟ್ಟುವುದರಲ್ಲಿ, ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಕೈ ಪಳಗಿಸಿಕೊಂಡು ಗಂಗಾವತಿಯಲ್ಲಿ ಸಣ್ಣ ಅಂಗಡಿ ಹಿಡಿಯಲು ಹೊರಟಾಗ, ಮಾಲೀಕ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಮೀಸೆ ತೀಡುತ್ತ ಕೂತ. ಖಾಲಾ ಅವನೆದುರು ಕುರ್ಚಿ ಎಳೆದುಕೊಂಡು, "ಈಕಿ ನನ್ನ ಮಗಳು. ಜವಾಬ್ದಾರಿ ನಂದು. ಮತ್ತೇನರ ಕೇಳೂದು ಐತೇನ?" ಎಂದಳು. ಅವನು ಕೀಲಿ ಕೊಟ್ಟ.

ಅವತ್ತು ಬಸ್ಸಿನಲ್ಲಿ ಮಲ್ಲೇಶ್ವರಿ ಕೇಳಿದ್ದಳು. "ಇಷ್ಟೆಲ್ಲಾ ಯಾಕ ಮಾಡ್ತೀ ಖಾಲಾ?"

"ಏನ್ ಮಾಡೀನಿ? ಕುಂದ್ರಾಕ ಜಾಗ ಕೊಟ್ಟೀನಿ. ಉಳಿದಿದ್ದು ನೀನ ಮಾಡ್ಕೊಂಡಿ" ಎಂದು ಖಾಲಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ಅಂಗಡಿ ನಡೆಯಿತು. ಗಂಗಾವತಿಯ ಭತ್ತದ ಸುಗ್ಗಿ ಮುಗಿದರೆ ಮದುವೆಗಳಿಗೆ ಬಿಡುವಿರುತ್ತಿರಲಿಲ್ಲ. ಮನೆ ಬಿಟ್ಟು ಆರು ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಗಾಳೆಮ್ಮನ ಫೋನ್ ಬಂತು. ಅವ್ವನ ದನಿ ಕೇಳಿ ಮಲ್ಲೇಶ್ವರಿ ದಾರದುಂಡೆ ಕೆಳಗಿಟ್ಟು ಬಾಗಿಲ ಬಳಿ ಹೋದಳು.

"ವಿಜಯಲಕ್ಷ್ಮಿದು ಮದಿವಿ ಐತಿ. ಕುಷ್ಟಗಿ ಕಡೇರು. ಆಕಿ, ಜಡಿ ನೀನ ಹಾಕ್ಬೇಕು ಅಂತ ಹಟ ಹಿಡದಾಳ. ಬಾ." ಹಿಂದೆಯೇ ಅವ್ವ ಅಂದಳು, "ಗಂಡಿನ ಕಡೇರಿಗೆ ಗಂಗಾವತಿ ಪಾರ್ಲರ್‌ನಾಕಿ ಅಂತ ಹೇಳ್ತೀವಿ. ಮರಿಸ್ವಾಮಿನೂ ಹ್ಞೂಂ ಅಂದಾನ. ನೀ ಅಷ್ಟರಾಗ ಸಂಭಾಳಿಸಿಕೊಂಡು ಹೋಗು."

ಅಷ್ಟೇ ಸಾಕಾಗಿತ್ತು ಅವಳಿಗೆ. ಅತ್ತಳು, ನಕ್ಕಳು, ಮೊದಲು ಖಾಲಾನಿಗೆ ಫೋನ್ ಮಾಡಿದಳು. ಯಲಬುರ್ಗಾದ ಕಲ್ಯಾಣ ಮಂಟಪ, ತಾರೀಖು, ಮುಹೂರ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪಾರ್ಲರಿನವಳಾಗಿ ಹೋಗುತ್ತಿದ್ದೇನೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

"ಅಲ್ಲಾ, ಎಂಥ ಛಲೋ ಸುದ್ದಿ ಹೇಳ್ದಿ! ನಾನೂ ಬರ್ಲೇನ?" ಎಂದಳು ಖಾಲಾ.

"ನೋಡೂಣು ಖಾಲಾ... ದೂರ ಆಕ್ಕೈತಿ. ನಿನ್ನ ಮೊಣಕಾಲು ಬ್ಯಾರೆ."

"ಮೊಣಕಾಲಿಗೇನು, ಬಸ್ಸಿನ್ಯಾಗ ಅದೂ ಕುಂದ್ರತೈತಿ."

ಬರಬೇಡ ಎಂದು ಹೇಳಲು ಮಲ್ಲೇಶ್ವರಿಗೆ ಬಾಯಿ ಬರಲಿಲ್ಲ. ಬರಲಿಕ್ಕಿಲ್ಲ ಎಂದುಕೊಂಡಳು. ಆಗ ನೇರವಾಗಿ ಹೇಳಿಬಿಟ್ಟಿದ್ದರೆ ಖಾಲಾ ಬೈದು, ನಕ್ಕು, ಸುಮ್ಮನಾಗುತ್ತಿದ್ದಳು ಎಂದು ಮುಂದೆ ಎಷ್ಟೋ ಸಲ ಅನಿಸಿತು.

ಮದುವೆಯ ದಿನ ಮಂಟಪದ ಒಳಕೋಣೆಯಲ್ಲಿ ಮಲ್ಲೇಶ್ವರಿ ತಂಗಿಯ ತಲೆ ಬಾಚಿ, ಚವರಿ ಕೂಡಿಸಿ, ಮಲ್ಲಿಗೆ ಮೊಗ್ಗಿನ ಸಾಲು ಹೊಲಿಯುತ್ತಿದ್ದಳು. ವಿಜಯಲಕ್ಷ್ಮಿ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ, ಯಾರೂ ಇಲ್ಲದಾಗ ಒಮ್ಮೆ "ಅಕ್ಕಾ" ಎಂದಳು. ಮಲ್ಲೇಶ್ವರಿಗೆ ಸೂಜಿಯ ತುದಿ ಮಂಜಾಯಿತು. ಅಷ್ಟರಲ್ಲಿ ಗಂಡಿನ ಅಕ್ಕ ನಾಲ್ಕೈದು ಹೆಂಗಸರ ಜೊತೆ ಹುಡುಗಿಯನ್ನು ನೋಡಲು ಬಂದಳು. ಅವರ ಹಿಂದೆ ಗಾಳೆಮ್ಮ ಕುಂಕುಮದ ತಾಟು ಹಿಡಿದು ನಿಂತಳು. ಜಡೆಯನ್ನು ಮುಟ್ಟಿ ಮುಟ್ಟಿ ನೋಡಿದ ಆ ಹೆಂಗಸು, "ಭಾಳ ಚಂದ ಹಾಕೀರಿ. ಯಾ ಪಾರ್ಲರ್ ರಿ ನಿಮ್ದು?" ಎಂದು ಕೇಳುತ್ತ ಮಲ್ಲೇಶ್ವರಿಯ ಮುಖವನ್ನು ತುಸು ಹೆಚ್ಚು ಹೊತ್ತೇ ನೋಡಿದಳು. ಮಲ್ಲೇಶ್ವರಿ ದನಿ ಸಣ್ಣದು ಮಾಡಿ ಉತ್ತರ ಕೊಡುತ್ತಿದ್ದಳು.

ಆಗ ಬಾಗಿಲಲ್ಲಿ ಖಾಲಾ ಕಾಣಿಸಿದಳು. ಬುರ್ಕಾ ತೆಗೆದು ಮಡಿಚಿ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಹಸಿರು ರೇಷ್ಮೆಯ ಸೆರಗು ತಲೆಯ ಮೇಲೆ. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

"ಮಲ್ಲೀ! ಎಲ್ಲಾ ಕಡೆ ಹುಡುಕಿದ್ನಿ. ಇಲ್ಲಿ ಅದೀ ಏನ ನನ್ನ ಮಗಳ?"

ಗಂಡಿನ ಅಕ್ಕ ಇಬ್ಬರನ್ನೂ ನೋಡಿ, "ಯಾರ್ರಿ ಇವ್ರು? ನಿಮ್ಮ ತಾಯಿ ಏನ?" ಎಂದಳು.

ಮಲ್ಲೇಶ್ವರಿ ಅವ್ವನ ಕಡೆ ನೋಡಿದಳು. ಗಾಳೆಮ್ಮ ತಲೆ ಬಗ್ಗಿಸಿ ತಾಟಿನಲ್ಲಿ ಏನೋ ಹುಡುಕತೊಡಗಿದಳು. ಖಾಲಾ ಇನ್ನೊಂದು ಮಾತಾಡಿದರೆ ಎಲ್ಲ ಹೊರಬೀಳುತ್ತದೆ ಎನಿಸಿತು. ಈ ಮಲ್ಲಿ ಎಲ್ಲಿ ಸಿಕ್ಕಳು, ಹೇಗಿದ್ದಳು, ಯಾರ ಮನೆಯವಳು ಎಲ್ಲ. ತಂಗಿಯ ಕತ್ತು ಅವಳ ಕೈಯಡಿ ಬಿಗಿಯಾಯಿತು.

"ಇಲ್ರಿ" ಎಂದಳು. "ಕೂದ್ಲಾ ಮಾರಾಕ ಬರೋರು. ಚವರಿಗೆ ಇವ್ರ ಕಡೆನ ತಗೋತೀವಿ." ಆಮೇಲೆ ಖಾಲಾನ ಕಡೆ ಪೂರ್ತಿ ತಿರುಗದೆ, "ಕೆಲಸ ನಡದೈತಿ, ಹೊರಗ ಕುಂದರ್ರಿ" ಎಂದಳು.

ಖಾಲಾ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. "ಹೌದ್ರಿ" ಎಂದಳು ಗಂಡಿನ ಅಕ್ಕನಿಗೆ. "ಕೂದ್ಲದ ವ್ಯಾಪಾರ ನಮ್ದು. ಈ ಕಡೆ ಬಂದಿದ್ನಿ. ಹುಡುಗಿ ಚಂದ ಕಾಣಾಕತ್ಯಾಳ, ಅಲ್ಲಾ ಆಕೀನ ಛಲೋ ಇಡ್ಲಿ." ಹಾಗೆಯೇ ತಿರುಗಿ ಹೋದಳು.

ಅಕ್ಷತೆ ಬಿದ್ದು, ಜಡೆಯ ಫೋಟೋ ತೆಗೆಸಿಕೊಂಡು ಮಲ್ಲೇಶ್ವರಿ ಹೊರಗೆ ಬಂದಾಗ ಖಾಲಾ ಎಲ್ಲೂ ಇರಲಿಲ್ಲ. ಎರಡನೆಯ ಪಂಕ್ತಿಯಲ್ಲಿ ಉಂಡು ಹೋದಳೆಂದು ಬಡಿಸುವವರು ಯಾರೋ ಹೇಳಿದರು.

ಮೂರನೆಯ ದಿನ ಧೈರ್ಯ ಮಾಡಿ ಫೋನ್ ಮಾಡಿದಳು. "ಖಾಲಾ, ನೀ ಹೇಳ್ದ ಹೋದಿ."

"ಬಸ್ಸಿತ್ತು, ಹೋದ್ನಿರಿ. ಮದಿವಿ ಛಲೋ ಆತು. ನೀವು ಆರಾಮ ಅದೀರಿಲ್ಲ?"

ಪಕ್ಕದಲ್ಲಿ ಯಾರಾದರೂ ಇರಬೇಕು, ಅದಕ್ಕೇ ಹೀಗೆ ಮಾತಾಡುತ್ತಾಳೆ ಎಂದುಕೊಂಡಳು. ಮುಂದಿನ ವಾರವೂ ಹಾಗೆಯೇ. ದನಿಯಲ್ಲಿ ಸಿಟ್ಟಿರಲಿಲ್ಲ, ಊಟ ವಿಚಾರಿಸುತ್ತಿದ್ದಳು, ಅಂಗಡಿ ಹೇಗಿದೆ ಎಂದು ಕೇಳುತ್ತಿದ್ದಳು, ಬೇಕಾದ ಕೂದಲನ್ನು ಒಳ್ಳೆಯದೇ ಆರಿಸಿ ಕಳಿಸುತ್ತಿದ್ದಳು. ಆದರೆ ಎಲ್ಲವೂ ರೀ, ಬರ್ರಿ, ಹೋಗ್ರಿ. ನೆಂಟಸ್ತನವಿಲ್ಲದ ದೊಡ್ಡವರೊಂದಿಗೆ ಮಾತಾಡುವ ಹಾಗೆ. ಭಾಗ್ಯನಗರಕ್ಕೆ ಹೋಗಬೇಕು, ಕಾಲು ಹಿಡಿಯಬೇಕು ಎಂದು ಮಲ್ಲೇಶ್ವರಿ ವಾರವಾರವೂ ಅಂದುಕೊಂಡಳು. ಲಗ್ನದ ದಿನಗಳು ಮುಗಿಯಲಿ ಎಂದಳು, ಹಬ್ಬ ಮುಗಿಯಲಿ ಎಂದಳು. ನಿಜವಾಗಿ, ಎದುರಿಗೆ ಕೂತು ಖಾಲಾನ ಬಾಯಿಂದ ಆ 'ರೀ' ಕೇಳುವುದು ಬೇಡವಾಗಿತ್ತು. ಹೀಗೆ ಒಂಬತ್ತು ತಿಂಗಳು ಕಳೆದವು.

ಒಂದು ದಿನ ಗಾಳೆಮ್ಮ ತಾನೇ ಗಂಗಾವತಿಗೆ ಬಂದಳು. ಬಸುರಿಯಾಗಿದ್ದ ವಿಜಯಲಕ್ಷ್ಮಿಗೆ ಕುಬಸದ ಶಾಸ್ತ್ರವಿತ್ತು, ಜಡೆ ಹಾಕಲು ಕರೆಯಲು ಬಂದಿದ್ದಳು. ಅಂಗಡಿಯಲ್ಲಿ ಕೂತು, ಚಹಾ ಕುಡಿದು, ಗೋಡೆಯ ಫೋಟೋಗಳನ್ನೆಲ್ಲ ನೋಡಿದ ಮೇಲೆ ಕೇಳಿದಳು.

"ಆ ಸಾಬರ ಹೆಣ್ಮಗಳು ಹೆಂಗದಾಳ?"

"ಅವತ್ತು ಒಂದ ಕ್ಷಣ ನೋಡಿದಾಕೀನ ಯಾಕ ಕೇಳ್ತಿ?"

ಗಾಳೆಮ್ಮ ಚಹಾದ ಬಸಿ ಕೆಳಗಿಟ್ಟಳು. "ನಾಕು ಸಲ ಮನಿಗಿ ಬಂದಿದ್ಳು. ಮೊದಲ್ನೇ ಸಲ ಮರಿಸ್ವಾಮಿ ಒಳಗ ಬಿಡ್ಲಿಲ್ಲ, ಕಟ್ಟಿ ಮ್ಯಾಲ ಕುಂತು ಹೋದ್ಳು. ಎರಡ್ನೇ ಸಲ ನಿನ್ನ ಫೋಟೋ ತಂದಿದ್ಳು. 'ನೋಡ್ರಿ, ನಿಮ್ಮ ಸೊಸಿಯಂದ್ರಗಿಂತ ಚಂದ ಅದಾಳ' ಅಂದ್ಳು. ಏನ್ ಹೇಳ್ಲಿ ನಾನು. ಕಡೀ ಸಲ ಬಂದಾಗ, 'ಮಗಳ ಮದಿವಿ ಆದ್ರ ಅಕ್ಕನ್ನ ಕರೀರಿ, ಕರೀಲಿಲ್ಲಂದ್ರ ಮುಂದ ನಿಮಗ ನಿದ್ದಿ ಬರಂಗಿಲ್ಲ' ಅಂದ್ಳು. ನಾ ಮಾತು ಕೊಟ್ಟಿದ್ನಿ. ಅದಕ್ಕ ಆಕಿ ಕೊಟ್ಟ ನಂಬರಿಗೆ ಫೋನ್ ಮಾಡಿದ್ನಿ."

"ಮತ್ತ ಅವತ್ತು ನೀ ಯಾಕ ಸುಮ್ನ ನಿಂತಿ ಯವ್ವಾ?"

"ನೀ ಯಾಕ ಹಂಗ ಅಂದಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಳೆಮ್ಮನೇ ಮುಂದೆ ಹೇಳಿದಳು. "ಊಟ ಮಾಡಿ ಹೋಗುವಾಗ ನನ್ನ ಕೈಯಾಗ ಒಂದು ಸೀರಿ ಕೊಟ್ಳು. ಮಲ್ಲಿ ಕಡೆಯಿಂದ ಅಂತ ಹೇಳ್ರಿ ಅಂದ್ಳು. ವಿಜಯಲಕ್ಷ್ಮಿ ಅದು ನೀ ಕೊಟ್ಟಿದ್ದು ಅಂತನ ತಿಳಕೊಂಡಾಳ."

ಹೊರಡುವಾಗ ಗಾಳೆಮ್ಮ ಬಾಗಿಲಲ್ಲಿ ನಿಂತು, "ಕುಬಸಕ್ಕ ಬರ್ತೀಯಲ್ಲ? ಮುಂಚಿನಂಗ" ಎಂದಳು.

"ಅಕ್ಕ ಅಂತ ಕರೀತೀರಿ ಅಂದ್ರ ಬರ್ತೀನಿ ಬೇ."

ಗಾಳೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ಮರಿಸ್ವಾಮಿನ್ನ ಕೇಳಿ ಹೇಳ್ತೀನಿ" ಎಂದು ಹೋದಳು. ಫೋನ್ ಬರಲಿಲ್ಲ. ಕುಬಸ ಆಯಿತೆಂದು ಮಲ್ಲೇಶ್ವರಿಗೆ ಗೊತ್ತಾದದ್ದು ಕುಷ್ಟಗಿಯ ಗಿರಾಕಿಯೊಬ್ಬಳಿಂದ.

ಅವ್ವ ಬಂದುಹೋದ ಮರುದಿನವೇ ಮಲ್ಲೇಶ್ವರಿ ಭಾಗ್ಯನಗರಕ್ಕೆ ಹೋದಳು. ಪಡಸಾಲೆಯಲ್ಲಿ ಹೊಸಬಳೊಬ್ಬಳು ಕೂದಲು ಬಿಡಿಸುತ್ತಿದ್ದಳು. ಅಫ್ರೋಜ ಎಂದು ಹೆಸರು, ಕುಷ್ಟಗಿಯ ಬೇಕರಿಯೊಂದರಲ್ಲಿ ಇದ್ದವಳು. ಅವಳು ಹೆಸರು ಬದಲಿಸಿಕೊಂಡಿರಲಿಲ್ಲ, ಗಂಡಿಗೂ ಹೆಣ್ಣಿಗೂ ಅದೇ ನಡೆಯುತ್ತದೆ ಎಂದು ನಗುತ್ತಿದ್ದಳು. ಖಾಲಾ ಬಾಗಿಲಿಗೆ ಬಂದಳು. "ಬರ್ರಿ, ಬರ್ರಿ. ಅಫ್ರೋಜ, ಅಕ್ಕಾವ್ರಿಗೆ ನೀರು ಕೊಡವ್ವ."

ಒಳಕೋಣೆಯಲ್ಲಿ ಇಬ್ಬರೇ ಆದಾಗ ಮಲ್ಲೇಶ್ವರಿ ಕೆಳಗೆ ಕೂತು ಅವಳ ಮೊಣಕಾಲು ಹಿಡಿದಳು. "ತಪ್ಪಾತು ಖಾಲಾ. ಅವ್ವ ಎಲ್ಲಾ ಹೇಳಿದ್ಳು. ಅಂಜಿಕ್ಯಾಗ ಅಂದ್ಬಿಟ್ಟೆ."

"ನನಗ ತಿಳೀತು. ಆ ಹೊತ್ತಿನ್ಯಾಗ ನೀವು ಅಂದಿದ್ದು ಬರೋಬರಿ ಐತಿ. ಮದಿವಿ ಮುರದಿದ್ರ ಆ ಹುಡುಗಿ ಗತಿ ಏನು? ಕೇಳದ ಬಂದಿದ್ದು ನಂದೂ ತಪ್ಪು."

"ಮತ್ತ ಬೈ. ಹೊಡಿ. ರೀ ಅನಬ್ಯಾಡ."

ಖಾಲಾ ಅವಳ ತಲೆಯ ಮೇಲೆ ಕೈ ಇಟ್ಟಳು, ಬಹಳ ಹೊತ್ತು ಇಟ್ಟಳು. "ಸಿಟ್ಟಿಲ್ರಿ. ಖುದಾನಾಣೆ ಇಲ್ಲ. ಬಸ್ಸಿನ್ಯಾಗ ವಾಪಸ್ ಬರುವಾಗ ಅಳು ಬಂತು, ಅತ್ತೆ, ಮುಗೀತು. ಆದ್ರ ಮುಂಚೆ ಕರೀತಿದ್ನಲ್ಲ, ಹಂಗ ಕರೀಬೇಕಂದ್ರ ನಾಲಿಗಿ ಏಳವಲ್ದು. ನಾನೂ ಪ್ರಯತ್ನ ಮಾಡಿ ನೋಡೀನಿ. ಏನ್ ಮಾಡ್ಲಿ?"

ಸುಳ್ಳು ಹೇಳಿ ಸಮಾಧಾನ ಮಾಡುವುದು ಖಾಲಾನಿಗೆ ಬರುತ್ತಿರಲಿಲ್ಲ. ಮಲ್ಲೇಶ್ವರಿಗೆ ಅದು ಮೊದಲಿನಿಂದ ಗೊತ್ತಿತ್ತು. ಅದೇ ಕಾರಣಕ್ಕೆ, ಇವತ್ತು ಹೀಗೆ ಹೇಳಿದ ಖಾಲಾ ನಾಳೆ ತಾನಾಗಿಯೇ "ಮಲ್ಲೀ" ಎಂದರೆ ಅದು ನಿಜವೇ ಆಗಿರುತ್ತದೆ ಎಂದು ಆಸೆ ಇಟ್ಟುಕೊಂಡಳು. ಅಂದಿನಿಂದ ತಿಂಗಳಿಗೆರಡು ಸಲ ಹೋದಳು. ಮೊಣಕಾಲಿಗೆ ಎಣ್ಣೆ ತಿಕ್ಕಿದಳು, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಚೀಟಿ ಬರೆಯುವವನು ಇವರು ನಿಮಗೆ ಏನಾಗಬೇಕು ಎಂದು ಕೇಳಿದಾಗ "ನಮ್ಮವ್ವ" ಎಂದು ಗಟ್ಟಿಯಾಗಿ ಹೇಳಿದಳು. ಖಾಲಾ ಕೇಳಿಸಿಕೊಂಡಳು, ಅಲ್ಲಗಳೆಯಲಿಲ್ಲ. ಹೊರಗೆ ಬಂದು, "ನಿಮಗ ತ್ರಾಸಾತು" ಎಂದಳು.

ಕಣ್ಣು ಪೂರ್ತಿ ಸುಧಾರಿಸಲಿಲ್ಲ. ಸೂಜಿಯ ಕೆಲಸ ಇನ್ನು ಆಗದೆಂದಾಯಿತು. ನಾಹೀದಾ ಬಂದು ತಾಯಿಯನ್ನು ಹೊಸಪೇಟೆಗೆ ಕರೆದೊಯ್ಯುವುದೆಂದು ಗೊತ್ತಾಯಿತು. ಹೊರಡುವ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಹದಿನಾಲ್ಕು ಜನ ಸೇರಿದ್ದರು, ಖಾಲಾನ ಕೈಯಲ್ಲಿ ಹೆಸರು ಪಡೆದವರು, ಅಲ್ಲಿಂದ ಹೋಗಿ ಹೊಲಿಗೆ, ಅಡುಗೆ, ತರಕಾರಿ ಎಂದು ಎಲ್ಲೆಲ್ಲೋ ನೆಲೆಯಾದವರು. ಒಬ್ಬೊಬ್ಬರನ್ನೂ ಕೆನ್ನೆ ಸವರಿ, ಬೈದು, ನಗಿಸಿ ಬೀಳ್ಕೊಟ್ಟಳು. ಮಲ್ಲೇಶ್ವರಿಯ ಸರದಿ ಬಂದಾಗ ಅವಳ ಎರಡೂ ಕೈ ಹಿಡಿದುಕೊಂಡಳು.

"ಅಫ್ರೋಜನ್ನ ನಿಮ್ಮ ಕಡೆ ಬಿಡ್ತೀನ್ರಿ. ಜಡಿ ಕೆಲಸ ಕಲಿಸ್ರಿ. ಬ್ಯಾರೇರ ಕಡೆ ಬಿಡಾಕ ನನಗ ಧೈರ್ಯಿಲ್ಲ."

"ಹ್ಞೂಂ ಖಾಲಾ" ಎಂದಳು ಮಲ್ಲೇಶ್ವರಿ. ನೀ ನನಗೆ ಏನೇನು ಕೊಟ್ಟೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಆ ಮಾತುಗಳನ್ನು ಹೇಳುವ ಜಾಗ ಒಂದಿತ್ತು, ಹತ್ತು ಜನರೆದುರು, ಜೋರಾಗಿ. ಅದನ್ನು ಅವಳೇ ಬಿಟ್ಟುಕೊಟ್ಟಿದ್ದಳು. ಕಾರಿನ ಬಾಗಿಲು ಮುಚ್ಚಿತು. ಖಾಲಾ ಒಳಗಿನಿಂದ ಕೈ ಆಡಿಸಿದಳು, ಮಸುಕು ಕಣ್ಣಿಗೆ ಯಾರು ಯಾರೆಂದು ಕಾಣುತ್ತಿರಲಿಲ್ಲವೇನೋ, ಎಲ್ಲರ ಕಡೆಗೂ ಆಡಿಸಿದಳು.

ಮಧ್ಯಾಹ್ನದ ಬಸ್ಸಿಗೆ ಮಲ್ಲೇಶ್ವರಿ, ಅಫ್ರೋಜ ಇಬ್ಬರೂ ಗಂಗಾವತಿಗೆ ಹೊರಟರು. ಬೂದಗುಂಪಾ ದಾಟಿ ಭತ್ತದ ಗದ್ದೆಗಳು ಶುರುವಾದ ಮೇಲೆ ಅಫ್ರೋಜ ಕೇಳಿದಳು.

"ಖಾಲಾ ನಿಮ್ಮ ಬಗ್ಗೆ ಭಾಳ ಹೇಳ್ತಿದ್ರು. ಆದ್ರ ನಿಮಗೊಬ್ಬರಿಗೆ ರೀ ಅಂತಿದ್ರು. ಉಳಿದೋರಿಗೆ ಅನ್ನಂಗಿಲ್ಲ. ಯಾಕ್ರಿ ಅಕ್ಕಾ?"

ನನ್ನದು ಸ್ವಂತ ಅಂಗಡಿ ಇದೆಯಲ್ಲ, ಅದಕ್ಕೆ ಎನ್ನಬಹುದಿತ್ತು. ಮಲ್ಲೇಶ್ವರಿ ಕಿಟಕಿಯ ಸರಳು ಹಿಡಿದುಕೊಂಡು ಮದುವೆಯ ಸಂಗತಿ ಮೊದಲಿನಿಂದ ಹೇಳಿದಳು. ತಾನು ಅಂದ ಮಾತನ್ನು, ಅಂದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮಲ್ಲೇಶ್ವರಿ ದನಿ ತಗ್ಗಿಸಲಿಲ್ಲ.

ಅಫ್ರೋಜ ಅವಳ ಕಡೆ ತಿರುಗಿ ಕೂತು ಕೇಳಿದಳು, "ಹಂಗ ಅನ್ನದಿದ್ರ ಮದಿವಿ ಖರೇನ ಮುರೀತಿತ್ತೇನ್ರಿ?"

"ಗೊತ್ತಿಲ್ಲವ್ವ. ಮುರೀತಿತ್ತೋ, ಇಲ್ಲೋ. ಅದನ್ನ ನೋಡಾಕ ನಾ ಧೈರ್ಯ ಮಾಡ್ಲಿಲ್ಲ."

ರೈಸ್ ಮಿಲ್ಲುಗಳ ಹೊಟ್ಟಿನ ವಾಸನೆ ಬಸ್ಸಿನೊಳಕ್ಕೆ ಬಂತು. ಕಂಡಕ್ಟರ್ ಗಂಗಾವತಿ, ಗಂಗಾವತಿ ಎಂದು ಕೂಗತೊಡಗಿದ. ಅಫ್ರೋಜ ಚೀಲ ಎತ್ತಿಕೊಳ್ಳಲು ಬಾಗಿದಳು. ಮಲ್ಲೇಶ್ವರಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದೆ ಇಳಿದಳು.